ಮುಳ್ಳುಬೇಲಿಯೊಳಗಿನ ವಿಮಾನ: ಬುಷ್ ಪೈಲಟ್ ಆಗುವ ದಾರಿ

ಬೋಟ್ಸ್‌ವಾನಾದ ಓಕವಾಂಗೊ ಡೆಲ್ಟಾದೊಳಗೆ ಯಾವುದಾದರೂ ಮಣ್ಣಿನ ಏರ್‌ಸ್ಟ್ರಿಪ್ಪಿನಲ್ಲಿ ರಾತ್ರಿ ತಂಗಬೇಕಾಗಿ ಬಂದರೆ, ಎಂಜಿನ್ ಆರಿಸಿ ರೆಕ್ಕೆಗಳನ್ನು ಹಗ್ಗದಿಂದ ನೆಲಕ್ಕೆ ಬಿಗಿದ ಮೇಲೂ ಪೈಲಟ್‌ಗೆ ಒಂದು ಕೆಲಸ ಬಾಕಿ ಇರುತ್ತದೆ. ಸುತ್ತಲಿನ ಜಾಲಿ ಪೊದೆಯಿಂದ ಮುಳ್ಳಿನ ಕೊಂಬೆ ಕಡಿದು ತಂದು ಮೂರೂ ಚಕ್ರಗಳ ಸುತ್ತ ಒಟ್ಟಬೇಕು. ಅಲ್ಲಿನ ಕತ್ತೆಕಿರುಬಗಳಿಗೆ ವಿಮಾನದ ಟೈರು ಅಗಿಯುವ ಚಟ. ನಮ್ಮ ಹೊಲಗಳಲ್ಲಿ ಎಳೆ ಮಾವಿನ ಸಸಿಗೆ ಆಡು ಬಾಯಿ ಹಾಕದಿರಲೆಂದು ಮುಳ್ಳು ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅದೇ ಬೇಲಿ. ಬೆಳಗಾಗುವಷ್ಟರಲ್ಲಿ ಟೈರು ಹರಿದಿದ್ದರೆ ಬೇರೆ ಟೈರು ತರಲು ಇನ್ನೊಂದು ವಿಮಾನವೇ ಬರಬೇಕು. ಅಲ್ಲಿಯವರೆಗೆ ಪ್ರಯಾಣಿಕರು, ಕ್ಯಾಂಪಿನ ತರಕಾರಿ, ಯಾರೋ ಕಾಯುತ್ತಿರುವ ಔಷಧಿ ಎಲ್ಲವೂ ಇದ್ದಲ್ಲೇ.

ರಸ್ತೆ ತಲುಪದ, ಡಾಂಬರು ಕಾಣದ, ಕಂಟ್ರೋಲ್ ಟವರ್ ಇಲ್ಲದ ಇಂಥ ಜಾಗಗಳಿಗೆ ಸಣ್ಣ ವಿಮಾನದಲ್ಲಿ ಜನರನ್ನೂ ಸಾಮಾನನ್ನೂ ಮುಟ್ಟಿಸುವವರೇ ಬುಷ್ ಪೈಲಟ್‌ಗಳು. ಅಲಾಸ್ಕಾ, ಉತ್ತರ ಕೆನಡಾ, ಆಸ್ಟ್ರೇಲಿಯಾದ ಒಳನಾಡು, ಪಪುವಾ ನ್ಯೂಗಿನಿಯ ಬೆಟ್ಟಗಳು, ಆಫ್ರಿಕಾದ ಸಫಾರಿ ಸೀಮೆ ಇವೆಲ್ಲ ಅವರ ಊರುಗಳು. ಜಕ್ಕೂರಿನಲ್ಲೋ ಮತ್ತೆಲ್ಲೋ ತರಬೇತಿ ಮುಗಿಸಿ, 200 ಗಂಟೆಯ ಲಾಗ್‌ಬುಕ್ ಹಿಡಿದು ಏರ್‌ಲೈನ್ ಕರೆಗಾಗಿ ಕಾಯುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರಿಗಾದರೂ ಈ ಕಡೆ ಮನಸ್ಸು ಹೊರಳಿರುತ್ತದೆ. ಅವರಿಗಾಗಿ ಈ ಬರಹ. ಎಲ್ಲ ದೇಶಗಳನ್ನೂ ಒಂದೇ ಅಳತೆಯಲ್ಲಿ ಹೇಳಲು ಹೋಗುವುದಿಲ್ಲ. ಹೊಸ ಪೈಲಟ್‌ಗಳು ಮೊದಲ ಕೆಲಸ ಹುಡುಕಿಕೊಂಡು ಹೋಗುವ ಊರು ಎಂದು ಜಗತ್ತಿನಾದ್ಯಂತ ಹೆಸರಾಗಿರುವ ಮೌನ್ ಪಟ್ಟಣವನ್ನು ಹತ್ತಿರದಿಂದ ನೋಡೋಣ. ಅದು ಅರ್ಥವಾದರೆ ಉಳಿದ ಕಡೆಯ ಲೆಕ್ಕವೂ ಅರ್ಥವಾಗುತ್ತದೆ.

ಡೆಲ್ಟಾದ ಹೊಸ್ತಿಲು

ಅಂಗೋಲಾದ ಎತ್ತರದ ನಾಡಿನಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು ಬಂದು ಬೋಟ್ಸ್‌ವಾನಾದ ಕಲಹರಿ ಮರಳಿನಲ್ಲಿ ಬೀಸಣಿಗೆಯಂತೆ ಹರಡಿ, ಬಹುಪಾಲು ಆವಿಯಾಗಿ ಹೋಗುತ್ತದೆ. ಸಮುದ್ರ ಕಾಣದ ಈ ನದಿಯೇ ಓಕವಾಂಗೊ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ 1000ನೆಯದಾಗಿ ಸೇರಿದ ತಾಣ ಈ ಡೆಲ್ಟಾ. ವಿಚಿತ್ರವೆಂದರೆ ಇಲ್ಲಿ ನೆರೆ ಏರುವುದು ಒಣ ಚಳಿಗಾಲದಲ್ಲಿ, ಜೂನ್ ಜುಲೈ ಆಗಸ್ಟ್ ಹೊತ್ತಿಗೆ. ಸುತ್ತ ಎಲ್ಲ ಬತ್ತಿರುವಾಗ ಇಲ್ಲಿ ನೀರು ಇರುವುದರಿಂದ ಆನೆ, ಎಮ್ಮೆ, ಸಿಂಹ ಎಲ್ಲ ಇಲ್ಲಿಗೇ ಬರುತ್ತವೆ. ಅವನ್ನು ನೋಡಲು ಜಗತ್ತಿನ ಪ್ರವಾಸಿಗರೂ ಬರುತ್ತಾರೆ. ದ್ವೀಪದ ಮೇಲಿನ ಕ್ಯಾಂಪುಗಳಲ್ಲಿ ಎಷ್ಟೋ ಕಡೆಗೆ ಜೀಪು ಹೋಗದು. ಪ್ರತಿ ಕ್ಯಾಂಪಿಗೂ, ಇಲ್ಲವೇ ಎರಡು ಮೂರು ಕ್ಯಾಂಪಿಗೆ ಸೇರಿ, ಮರಳು ಅಥವಾ ಗಟ್ಟಿಮಣ್ಣಿನ ಒಂದು ಏರ್‌ಸ್ಟ್ರಿಪ್. ಉದ್ದ ಸುಮಾರು 1,000 ಮೀಟರ್.

ಈ ಎಲ್ಲ ಏರ್‌ಸ್ಟ್ರಿಪ್ಪುಗಳಿಗೂ ಹೊರಡುವ ಜಾಗ ಮೌನ್. ಕನ್ನಡದ ಕಿವಿಗೆ ಮೌನ ಎಂದು ಕೇಳಿಸಿದರೂ ಊರಿನ ಹೆಸರಿಗೆ ಗಿಡ್ಡ ಜೊಂಡಿನ ಜಾಗ ಎಂದು ಅರ್ಥ ಹೇಳುತ್ತಾರೆ. ಬೆಳಗ್ಗೆ ಬೆಳಕು ಹರಿದ ಗಳಿಗೆಯಿಂದ ಸೂರ್ಯ ಮುಳುಗುವವರೆಗೆ ಸೆಸ್ನಾ 206, ಸೆಸ್ನಾ 210, ಆಸ್ಟ್ರೇಲಿಯಾದಲ್ಲಿ ತಯಾರಾದ ಜಿಎ8 ಏರ್‌ವ್ಯಾನ್, ಸೆಸ್ನಾ ಕ್ಯಾರವಾನ್ ಒಂದರ ಹಿಂದೊಂದು ಏಳುತ್ತ ಇಳಿಯುತ್ತ ಇರುತ್ತವೆ. ಮ್ಯಾಕ್ ಏರ್, ಮೇಜರ್ ಬ್ಲೂ ಏರ್, ವೈಲ್ಡರ್‌ನೆಸ್ ಏರ್ ಮೊದಲಾದ ಕಂಪನಿಗಳು ಇಲ್ಲಿ ಕೆಲಸ ಮಾಡುತ್ತವೆ. ವೈಲ್ಡರ್‌ನೆಸ್ ಏರ್‌ಗೆ ಮೊದಲಿದ್ದ ಹೆಸರು ಸೆಫೊಫಾನೆ. ಸೆಟ್‌ಸ್ವಾನಾ ಭಾಷೆಯಲ್ಲಿ ಹಾಗೆಂದರೆ ವಿಮಾನ.

ಒಂದು ಹಾರಾಟ 15 ನಿಮಿಷದಿಂದ ಮುಕ್ಕಾಲು ಗಂಟೆಯವರೆಗೆ. ದಿನಕ್ಕೆ ಅಂಥವು ಎಂಟು ಹತ್ತಾದರೂ ಆಶ್ಚರ್ಯವಿಲ್ಲ. ಒಂದು ಕ್ಯಾಂಪಿನಲ್ಲಿ ಇಬ್ಬರನ್ನು ಇಳಿಸಿ, ಇನ್ನೊಂದರಲ್ಲಿ ಮೂವರನ್ನು ಹತ್ತಿಸಿಕೊಂಡು, ಮಧ್ಯೆ ಮೊಟ್ಟೆ, ಟೊಮೆಟೊ, ಜನರೇಟರಿನ ಬಿಡಿಭಾಗ ತಲುಪಿಸಿ, ರಜೆಗೆ ಹೊರಟ ಕ್ಯಾಂಪಿನ ಅಡುಗೆಯವರನ್ನು ಊರಿಗೆ ಕರೆತರುವುದು. ನಮ್ಮ ಹಳ್ಳಿ ರೂಟಿನ ಬಸ್ಸನ್ನು ಹೋಲುವ ಕೆಲಸ. ಒಂದೇ ವ್ಯತ್ಯಾಸ, ಇಲ್ಲಿ ಡ್ರೈವರು, ಕಂಡಕ್ಟರು, ಕ್ಲೀನರು, ಸ್ಟೇಷನ್ ಮಾಸ್ಟರು ನಾಲ್ವರೂ ಒಬ್ಬರೇ.

ತಕ್ಕಡಿಯ ಮುಂದೆ

ಬುಷ್ ಪೈಲಟ್ ಎಂದ ಕೂಡಲೇ ಕಣ್ಣಿಗೆ ಬರುವುದು ಹಾರಾಟದ ಸಾಹಸ. ನನಗೆ ಈ ಕಸುಬಿನಲ್ಲಿ ತುಂಬ ಗೌರವ ಹುಟ್ಟಿಸಿದ ಸಂಗತಿ ಹಾರುವುದಕ್ಕೆ ಮೊದಲೇ ನಡೆಯುತ್ತದೆ. ಅದು ತಕ್ಕಡಿಯ ಮುಂದೆ ನಿಂತು ಕೂಡಿ ಕಳೆಯುವ ಲೆಕ್ಕ.

ಸೆಸ್ನಾ 206 ತೆಗೆದುಕೊಳ್ಳಿ. 300 ಅಶ್ವಶಕ್ತಿಯ ಒಂದು ಪಿಸ್ಟನ್ ಎಂಜಿನ್, ಪೈಲಟ್ ಸೇರಿ ಆರು ಸೀಟು. ನೆಲ ಬಿಡುವಾಗ ಒಟ್ಟು ತೂಕ 1,633 ಕಿಲೋ ಮೀರಕೂಡದು. ಖಾಲಿ ವಿಮಾನವೇ ಒಂದು ಟನ್ನಿನ ಆಸುಪಾಸು. ಉಳಿಯುವುದು ಸುಮಾರು 600 ಕಿಲೋ. ಅದರಲ್ಲಿ ಪೈಲಟ್ 75. ಅರ್ಧ ಗಂಟೆಯ ದಾರಿಗೆ ಹೋಗಿ ಬರಲು, ಮೇಲೆ ನಿಯಮದಂತೆ ಆಪತ್ತಿಗೆ ಮೀಸಲಿಡಲು ಎಲ್ಲ ಸೇರಿ 120 ಲೀಟರ್ ಇಂಧನ. ಏವಿಯೇಷನ್ ಗ್ಯಾಸೊಲಿನ್ ನೀರಿಗಿಂತ ಹಗುರ, ಲೀಟರಿಗೆ 0.72 ಕಿಲೋ, ಅಂದರೆ 86 ಕಿಲೋ. ತಲಾ 85 ಕಿಲೋ ತೂಗುವ ನಾಲ್ವರು ಪ್ರಯಾಣಿಕರು, 340. ತಲಾ 20 ಕಿಲೋ ಬ್ಯಾಗು, 80. ಒಟ್ಟು 581. ಸರಿಹೋಯಿತು. ಐದನೆಯವರು ಬ್ಯಾಗು ಹಿಡಿದು ಬಂದರೆ 686. ಸೀಟು ಖಾಲಿ ಇದೆ, ಅವರು ಹಣ ಕೊಟ್ಟಿದ್ದಾರೆ, ಕ್ಯಾಂಪಿನವರು ಕಾಯುತ್ತಿದ್ದಾರೆ. ಆದರೂ ಆಗುವುದಿಲ್ಲ ಎನ್ನಬೇಕು. ಸಫಾರಿಗೆ ಹೋಗುವವರಿಗೆ ಗಟ್ಟಿ ಸೂಟ್‌ಕೇಸು ಬೇಡ, 20 ಕಿಲೋ ಒಳಗಿನ ಮೆತ್ತನೆಯ ಬ್ಯಾಗು ಮಾತ್ರ ತನ್ನಿ ಎಂದು ಮೊದಲೇ ಹೇಳುವುದು ಇದಕ್ಕೇ. ವಿಮಾನದ ಹೊಟ್ಟೆಗೆ ಕಟ್ಟಿದ ಪೆಟ್ಟಿಗೆಯೊಳಗೆ ಮೆತ್ತನೆಯ ಬ್ಯಾಗನ್ನು ತುರುಕಬಹುದು, ಚಕ್ರವಿರುವ ಸೂಟ್‌ಕೇಸನ್ನಲ್ಲ.

ತೂಕ ಸರಿಯಿದ್ದರೆ ಸಾಲದು, ಎಲ್ಲಿದೆ ಎನ್ನುವುದೂ ಮುಖ್ಯ. ಭಾರವೆಲ್ಲ ಹಿಂದೆ ಬಿದ್ದರೆ ಮೂಗು ಮೇಲೆದ್ದು ವಿಮಾನ ಕೈಗೆ ಸಿಗದಂತಾಗುತ್ತದೆ. ಹಾಗಾಗಿ ದಪ್ಪಗಿರುವವರನ್ನು ಮುಂದಕ್ಕೆ, ಹಗುರವಾಗಿರುವವರನ್ನು ಹಿಂದಕ್ಕೆ ಕೂರಿಸುವುದು, ಅದನ್ನೂ ಯಾರ ಮನಸ್ಸೂ ನೋಯದ ಹಾಗೆ ಹೇಳುವುದು ಪೈಲಟ್ ಕೆಲಸವೇ.

ಇದರ ಮೇಲೆ ಬಿಸಿಲಿನ ಲೆಕ್ಕ. ಮೌನ್ ಸಮುದ್ರ ಮಟ್ಟದಿಂದ ಸುಮಾರು 3,100 ಅಡಿ ಎತ್ತರದಲ್ಲಿದೆ, ಬೆಂಗಳೂರಿನಷ್ಟೇ. ಆ ಎತ್ತರದಲ್ಲಿ ಗಾಳಿಯ ಪ್ರಮಾಣಿತ ಉಷ್ಣತೆ 9 ಡಿಗ್ರಿ ಎಂದು ವಿಮಾನಶಾಸ್ತ್ರ ಇಟ್ಟುಕೊಂಡಿದೆ. ಅಕ್ಟೋಬರ್ ಮಧ್ಯಾಹ್ನ ಅಲ್ಲಿ 38 ಡಿಗ್ರಿ ಸಾಮಾನ್ಯ. ಪ್ರಮಾಣಕ್ಕಿಂತ ಹೆಚ್ಚಿದ ಪ್ರತಿ ಡಿಗ್ರಿಗೆ 120 ಅಡಿಯಂತೆ ಕೂಡಿಸಿದರೆ, 29 ಡಿಗ್ರಿಗೆ ಸುಮಾರು 3,500 ಅಡಿ. ಅಂದರೆ ನೆಲದ ಮೇಲೆ ನಿಂತಿರುವಾಗಲೇ ವಿಮಾನದ ಪಾಲಿಗೆ ಗಾಳಿ 6,500 ಅಡಿ ಎತ್ತರದಷ್ಟು ತೆಳ್ಳಗಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 6,330 ಅಡಿ. ಆ ನೆತ್ತಿಗಿಂತ ಮೇಲಿನ ಗಾಳಿಯಲ್ಲಿ, ಮರಳಿನಲ್ಲಿ ಚಕ್ರ ಹೂತುಕೊಳ್ಳುತ್ತಿರುವಾಗ, ತುಂಬಿದ ವಿಮಾನವನ್ನು ಎಬ್ಬಿಸಬೇಕು. ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ. ಸಮುದ್ರ ದಡದಲ್ಲಿ ತಂಪು ಹೊತ್ತಿನಲ್ಲಿ ಓಡಬೇಕಾದ ದೂರದ ಒಂದೂವರೆ ಪಟ್ಟಿಗೂ ಮೀರಿ ಓಡಬೇಕಾಗುತ್ತದೆ. ಬೆಳಗ್ಗೆ ಏಳಕ್ಕೆ ಹಾಯಾಗಿ ಎದ್ದ ಅದೇ ಹೊರೆ, ಅದೇ ಏರ್‌ಸ್ಟ್ರಿಪ್ಪಿನಲ್ಲಿ, ಮಧ್ಯಾಹ್ನ ಎರಡಕ್ಕೆ ಮರ ತಾಗಿಸಬಹುದು. ತರಬೇತಿ ಶಾಲೆಯಲ್ಲಿ ಪರೀಕ್ಷೆಗಾಗಿ ಉರುಹೊಡೆದ ಡೆನ್ಸಿಟಿ ಆಲ್ಟಿಟ್ಯೂಡ್ ಎಂಬ ಪದ ಇಲ್ಲಿ ಜೀವದ ಪ್ರಶ್ನೆ.

ಇಳಿಯುವಾಗ

ಕ್ಯಾಂಪಿನ ಏರ್‌ಸ್ಟ್ರಿಪ್ಪಿನಲ್ಲಿ ದೀಪವಿಲ್ಲ, ರೇಡಿಯೊದಲ್ಲಿ ಗಾಳಿಯ ದಿಕ್ಕು ಹೇಳುವವರಿಲ್ಲ. ಪೈಲಟ್‌ಗಳು ತಾವೆಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ ಎಂದು ಒಂದೇ ಫ್ರೀಕ್ವೆನ್ಸಿಯಲ್ಲಿ ಸಾರುತ್ತಾ ಹೋಗುತ್ತಾರೆ; ಉಳಿದವರು ಕೇಳಿಸಿಕೊಂಡು ದೂರ ಇಟ್ಟುಕೊಳ್ಳುತ್ತಾರೆ. ಗಾಳಿಚೀಲ ಹರಿದಿದ್ದರೆ ನೀರಿನ ಮೇಲಿನ ಅಲೆ, ಅಡುಗೆಮನೆಯ ಹೊಗೆ, ತಾಳೆಗರಿ ಬಾಗಿದ ಕಡೆ ನೋಡಿ ಗಾಳಿ ತಿಳಿಯಬೇಕು.

ಆಮೇಲೆ ಪ್ರಾಣಿಗಳು. ಮರವಿಲ್ಲದ, ಹುಲ್ಲು ಗಿಡ್ಡಗಿರುವ ಬಯಲು ಎಂದರೆ ಜಿಂಕೆ ಜೀಬ್ರಾಗಳಿಗೆ ಸಿಂಹವನ್ನು ದೂರದಿಂದ ಕಾಣಲು ಅನುಕೂಲ; ಅವು ಏರ್‌ಸ್ಟ್ರಿಪ್ಪಿನ ಮೇಲೆಯೇ ಮೇಯುತ್ತವೆ. ಕ್ಯಾಂಪಿನ ಗೈಡ್ ಜೀಪಿನಲ್ಲಿ ಒಂದು ಸುತ್ತು ಓಡಿಸಿ ತೆರವು ಮಾಡಿರುತ್ತಾನೆ. ಆದರೂ ಪೈಲಟ್ ಒಮ್ಮೆ ತಗ್ಗಿನಲ್ಲಿ ಹಾದುಹೋಗಿ ಕಣ್ಣಾರೆ ನೋಡಿ, ಮೇಲೆದ್ದು ತಿರುಗಿ ಬಂದು ಇಳಿಯುವುದು ರೂಢಿ. ಜೀಬ್ರಾ ಕಾಣುತ್ತದೆ, ಕಾಡುಹಂದಿ ನಿನ್ನೆ ರಾತ್ರಿ ತೋಡಿದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಇಳಿದ ಮೇಲೆ ಮುಂಚಕ್ರ ಮರಳಿಗೆ ಕಚ್ಚದಂತೆ ಕಂಟ್ರೋಲ್ ಹಿಂದಕ್ಕೆಳೆದು ಹಿಡಿದು, ಬ್ರೇಕನ್ನು ಆದಷ್ಟು ಮುಟ್ಟದೆ ಓಡಿಸಬೇಕು. ಹೊಸಬರು ಇದನ್ನು ಪುಸ್ತಕದಿಂದ ಕಲಿಯುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯ ತರಬೇತಿ ಪೈಲಟ್ ವಾರಗಟ್ಟಲೆ ಪಕ್ಕದಲ್ಲಿ ಕೂತು, ಒಂದೊಂದೇ ಏರ್‌ಸ್ಟ್ರಿಪ್ ತೋರಿಸಿ, ಇದಕ್ಕೆ ನೀನೊಬ್ಬನೇ ಬರಬಹುದು ಎಂದು ಸಹಿ ಹಾಕಿಕೊಡುತ್ತಾರೆ.

ಬೆಳಗಿನ ತಪಾಸಣೆಯಲ್ಲೂ ಆ ನೆಲದ ಪಾಠವಿದೆ. ವೇಗ ಅಳೆಯುವ ಪಿಟೊ ಕೊಳವೆಯ ಬಾಯಿಗೆ ಮುಚ್ಚಳ ಹಾಕುವುದು ಮರೆತರೆ ಮಣ್ಣಿನ ಗೂಡು ಕಟ್ಟುವ ಕಡಜ ಅದರೊಳಗೆ ಮನೆ ಮಾಡಿರುತ್ತದೆ. ವಿಮಾನ ಓಡುತ್ತಿದ್ದರೂ ವೇಗಮಾಪಕದ ಮುಳ್ಳು ಸೊನ್ನೆಯಲ್ಲೇ ನಿಂತಿರುತ್ತದೆ. ಟ್ಯಾಂಕಿನ ತಳದಿಂದ ಒಂದಿಷ್ಟು ಇಂಧನ ಬಸಿದು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೀರು ಸೇರಿದೆಯೇ ನೋಡಬೇಕು. ಮೀಟರನ್ನು ನಂಬದೆ ಟ್ಯಾಂಕಿಗೆ ಅಳತೆಕೋಲು ಇಳಿಸಬೇಕು. ಆಗಸ್ಟ್ ಸೆಪ್ಟೆಂಬರಿನಲ್ಲಿ ಕಾಡುಬೆಂಕಿಯ ಹೊಗೆ, ದೂಳು ಸೇರಿ ಸಂಜೆ ಸೂರ್ಯನ ಕಡೆ ಹಾರುವಾಗ ಮುಂದೇನೂ ಕಾಣುವುದಿಲ್ಲ. ನವೆಂಬರಿನಿಂದ ಗುಡುಗುಮಳೆ. ಮೋಡದ ಸಾಲು ದಾಟಲಾಗದಿದ್ದರೆ ಹಿಂದಕ್ಕೆ ತಿರುಗಬೇಕು, ಇಲ್ಲವೇ ಹತ್ತಿರದ ಯಾವುದೋ ಕ್ಯಾಂಪಿನಲ್ಲಿಳಿದು ಟೀ ಕುಡಿದು ಕಾಯಬೇಕು.

ಕಾಯುವ ಧೈರ್ಯ ಎಂದು ನಾನು ಇದನ್ನು ಕರೆಯುತ್ತೇನೆ. ಲೋಕದ ಬುಷ್ ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣುವ ಕಥೆ ಎಂದರೆ ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ ಹಾರಬೇಕಾದವರು ಮೋಡದೊಳಗೆ ನುಗ್ಗಿದ್ದು, ಇಲ್ಲವೇ ಹೊರೆ ಮೀರಿಸಿದ್ದು. ಎಲ್ಲವೂ ಪೈಲಟ್ ಕೈಯಲ್ಲಿರುತ್ತದೆ ಎಂದಲ್ಲ. 2011ರ ಅಕ್ಟೋಬರಿನಲ್ಲಿ ಇದೇ ಡೆಲ್ಟಾದ ಕಕನಕ ಏರ್‌ಸ್ಟ್ರಿಪ್ಪಿನಿಂದ ಎದ್ದ ಕ್ಯಾರವಾನ್ ಒಂದು ಬಿದ್ದು ಎಂಟು ಜನ ಪ್ರಾಣ ಕಳೆದುಕೊಂಡರು. ಒಂದೇ ಎಂಜಿನ್ನಿನ ವಿಮಾನದಲ್ಲಿ ಅದು ನಿಂತರೆ ಮುಂದಿನ ಕೆಲವು ಸೆಕೆಂಡು ಎಲ್ಲಿ ಇಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲೇ ತಲೆಯಲ್ಲಿರಬೇಕು. ಮಗ ಅಥವಾ ಮಗಳನ್ನು ಇಂಥ ಕೆಲಸಕ್ಕೆ ಕಳಿಸುವ ಮನೆಯವರಿಗೆ ಈ ಅಪಾಯ ಗೊತ್ತಿರಬೇಕು, ಮುಚ್ಚಿಡುವುದು ತಪ್ಪು.

ಕಾಗದಪತ್ರ: ಲೈಸೆನ್ಸಿಗಿಂತ ದೊಡ್ಡ ಗೇಟು

ಮೊದಲು ಬೇಕಾದದ್ದು ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಭಾರತದಲ್ಲಿ ಅದನ್ನು ಕೊಡುವುದು ಡಿಜಿಸಿಎ. ವಯಸ್ಸು 18 ತುಂಬಿರಬೇಕು. ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ತಾನೇ ಕ್ಯಾಪ್ಟನ್ ಆಗಿ, ಅದರೊಳಗೆ 50 ಗಂಟೆ ಊರಿಂದೂರಿಗೆ ಹಾರಿದ್ದು. ಏರ್ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್ ಪರೀಕ್ಷೆಗಳು, ರೇಡಿಯೊ ಲೈಸೆನ್ಸ್, ಕ್ಲಾಸ್ 1 ವೈದ್ಯಕೀಯ. ಸಾಲ ಮಾಡುವ ಮೊದಲು ವೈದ್ಯಕೀಯ ಮುಗಿಸಿಕೊಳ್ಳಿ. ಬಣ್ಣ ಗುರುತಿಸುವ ತೊಂದರೆ ಇಷ್ಟು ದಿನ ಗೊತ್ತಾಗದೇ ಇದ್ದಿರಬಹುದು, ಅರ್ಧ ಕೋಟಿಯ ಆಸುಪಾಸು ಸುರಿದ ಮೇಲೆ ಗೊತ್ತಾಗುವುದು ಬೇಡ.

ಭಾರತದ ಲೈಸೆನ್ಸ್ ಅಂತರರಾಷ್ಟ್ರೀಯ ಐಸಿಎಒ ಮಾನದಂಡದ್ದೇ. ಆದರೆ ಬೋಟ್ಸ್‌ವಾನಾದಲ್ಲಿ ನೋಂದಾಯಿಸಿದ ವಿಮಾನವನ್ನು ಹಾರಿಸಲು ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಮಾನ್ಯತೆ ಬೇಕು: ಅಲ್ಲಿನ ವಾಯು ಕಾನೂನಿನ ಪರೀಕ್ಷೆ, ಹಾರಾಟದ ಪರೀಕ್ಷೆ, ಅಲ್ಲಿ ಒಪ್ಪುವ ವೈದ್ಯಕೀಯ. ಮೌನ್‌ಗೆ ಬರುವ ಹೊಸ ಪೈಲಟ್‌ಗಳಲ್ಲಿ ಬಹಳ ಮಂದಿ ದಕ್ಷಿಣ ಆಫ್ರಿಕಾದಲ್ಲಿ ಕಲಿತವರು. ಆಫ್ರಿಕಾದ ದಕ್ಷಿಣ ಭಾಗದಲ್ಲೇ ಕೆಲಸ ಮಾಡುತ್ತೇನೆಂದು ಮೊದಲೇ ಗಟ್ಟಿ ಮಾಡಿಕೊಂಡವರು ತರಬೇತಿಯನ್ನೂ ಅಲ್ಲೇ ಪಡೆದರೆ ಆ ಬಿಸಿ, ಆ ಎತ್ತರ, ಆ ರೇಡಿಯೊ ಉಚ್ಚಾರಣೆ ಮೊದಲೇ ಅಭ್ಯಾಸವಾಗಿರುತ್ತದೆ. ಆಮೇಲೆ ಭಾರತಕ್ಕೆ ಮರಳಿದರೆ ಡಿಜಿಸಿಎ ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಪರಿವರ್ತಿಸಿಕೊಳ್ಳುವ ಕೆಲಸ ಉಳಿಯುತ್ತದೆ.

ಇಷ್ಟೆಲ್ಲ ಓದಿ, ಶ್ರಮಪಟ್ಟು ದಾಟಬಹುದು. ದಾಟುವುದು ನಮ್ಮ ಕೈಲಿಲ್ಲದ ಗೇಟು ಕೆಲಸದ ಪರವಾನಗಿ. ಕಂಪನಿ ಅರ್ಜಿ ಹಾಕಬೇಕು, ಈ ಹುದ್ದೆಗೆ ತಕ್ಕ ಸ್ಥಳೀಯರು ಸಿಗಲಿಲ್ಲವೆಂದು ಸರ್ಕಾರಕ್ಕೆ ಒಪ್ಪಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಬೋಟ್ಸ್‌ವಾನಾದ ಯುವಕ ಯುವತಿಯರು ಈಗ ಪೈಲಟ್ ಆಗುತ್ತಿದ್ದಾರೆ, ಮೊದಲ ಹಕ್ಕು ಅವರದು. ಇದನ್ನು ಅಡ್ಡಿ ಎಂದು ಗೊಣಗುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಆ ನೆಲ ಅವರದು, ಆ ಆಕಾಶವೂ ಅವರದೇ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಕೇಳುವವರಿದ್ದಾರೆ. ಪರವಾನಗಿ ಬರುವ ತನಕ ಕೆಲಸ ಮಾಡುವಂತಿಲ್ಲ. ಆ ಮಧ್ಯದ ತಿಂಗಳುಗಳಿಗೆ ಊಟ ವಸತಿಯ ಹಣ, ಮರಳಿ ಬರುವ ಟಿಕೆಟು ಮೊದಲೇ ಎತ್ತಿಟ್ಟಿರಬೇಕು. ಬುಷ್ ಪೈಲಟ್ ಕೆಲಸ ಗ್ಯಾರಂಟಿ, ಇಷ್ಟು ಲಕ್ಷ ಕಟ್ಟಿ ಎನ್ನುವ ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ಇಲ್ಲಿ ಕೆಲಸ ಕೊಡುವುದು ಚೀಫ್ ಪೈಲಟ್, ನಿಮ್ಮನ್ನು ಎದುರಿಗೆ ನೋಡಿ, ಮಾತಾಡಿಸಿ, ಜೊತೆಗೆ ಹಾರಿಸಿ ನೋಡಿದ ಮೇಲೆ.

ಗಂಟೆಗಳ ಮಾತು ಬೇರೆ. ಮೌನ್ ಹೆಸರಾದದ್ದೇ ಕಡಿಮೆ ಗಂಟೆಯವರನ್ನು ತೆಗೆದುಕೊಳ್ಳುತ್ತದೆ ಎಂಬ ಕಾರಣಕ್ಕೆ. ಆದರೂ ವಿಮಾ ಕಂಪನಿಗಳ ಷರತ್ತು ಬಿಗಿಯಾದಂತೆ 200 ಗಂಟೆಯವರಿಗಿಂತ 400, 500 ಇರುವವರಿಗೆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಆ ಅಂತರ ತುಂಬಲು ಒಳ್ಳೆಯ ದಾರಿ ಬೋಧಕ ಅರ್ಹತೆ ಪಡೆದು ಒಂದಷ್ಟು ಕಾಲ ವಿದ್ಯಾರ್ಥಿಗಳಿಗೆ ಹಾರಿಸಲು ಕಲಿಸುವುದು. ಇನ್ನೊಬ್ಬರ ತಪ್ಪನ್ನು ದಿನವೂ ತಿದ್ದುವವರ ಕೈ ತಾನಾಗಿ ಪಳಗುತ್ತದೆ.

ಉಳಿದ ದೇಶಗಳು, ಬೇಗ ಬೇಗ

ಅಲಾಸ್ಕಾದ ಹೆಸರು ಎಲ್ಲರಿಗೂ ಗೊತ್ತು. ಅಲ್ಲಿ ಬಾಡಿಗೆ ಹಾರಾಟಕ್ಕೆ ಕಣ್ಣಿಗೆ ಕಾಣುವ ಹವೆಯಲ್ಲೂ ಪೈಲಟ್‌ಗೆ ಕನಿಷ್ಠ 500 ಗಂಟೆ ಇರಬೇಕೆಂದು ಅಮೆರಿಕದ ಕಾನೂನು. ಅದಕ್ಕಿಂತ ಮೊದಲು ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕು ಬೇಕು. ಭಾರತದ ಪಾಸ್‌ಪೋರ್ಟಿನವರಿಗೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಕೆನಡಾದ ಉತ್ತರದಲ್ಲಿ 1947ರಲ್ಲಿ ಮೊದಲು ಹಾರಿದ ಡಿಹ್ಯಾವಿಲೆಂಡ್ ಬೀವರ್ ಇವತ್ತಿಗೂ ಬೇಸಿಗೆಯಲ್ಲಿ ದೋಣಿಕಾಲು, ಚಳಿಗಾಲದಲ್ಲಿ ಹಿಮಜಾರುಗಾಲು ಕಟ್ಟಿಕೊಂಡು ಕೆರೆಯಿಂದ ಕೆರೆಗೆ ಹಾರುತ್ತದೆ. ಅಲ್ಲಿ ಲೈಸೆನ್ಸ್ ಇದ್ದವರೂ ಮೊದಲು ಒಂದೆರಡು ವರ್ಷ ದಕ್ಕೆಯಲ್ಲಿ ಹಗ್ಗ ಕಟ್ಟಿ, ಡ್ರಮ್ಮು ಉರುಳಿಸಿ, ಹಿಮ ಗುಡಿಸಿ, ಆಮೇಲೆ ಸೀಟಿಗೆ ಏರುವ ಪದ್ಧತಿ ಇದೆ. ಕಾಯಂ ನಿವಾಸದ ಹಕ್ಕು ಪಡೆದಿರುವ ಕನ್ನಡಿಗ ಕುಟುಂಬಗಳ ಮಕ್ಕಳಿಗೆ ಇದು ನಿಜವಾಗಿ ಕೈಗೆಟುಕುವ ದಾರಿ.

ಪಪುವಾ ನ್ಯೂಗಿನಿ ಹೊಸಬರಿಗಲ್ಲ. ಅಲ್ಲಿನ ಏರ್‌ಸ್ಟ್ರಿಪ್ಪುಗಳು ಬೆಟ್ಟದ ಬದಿಗೆ ಅಂಟಿಕೊಂಡ ಇಳಿಜಾರು ಗದ್ದೆಯಂತಿರುತ್ತವೆ. ಇಳಿಯುವುದು ಮೇಲ್ಮುಖವಾಗಿ, ಏಳುವುದು ಕೆಳಮುಖವಾಗಿ, ಗಾಳಿ ಯಾವ ಕಡೆಯಿಂದ ಬಂದರೂ. ತುದಿಯಲ್ಲಿ ಬೆಟ್ಟದ ಗೋಡೆ. ಹಾಗಾಗಿ ಇಳಿಯಲು ಬರುವಾಗ ಒಂದು ಬಿಂದುವನ್ನು ಮೊದಲೇ ಗುರುತು ಮಾಡಿಕೊಂಡಿರುತ್ತಾರೆ. ಅದನ್ನು ದಾಟಿದ ಮೇಲೆ ಮನಸ್ಸು ಬದಲಾಯಿಸಲು ಅವಕಾಶವಿಲ್ಲ, ಇಳಿಯಲೇಬೇಕು. ಮಧ್ಯಾಹ್ನದ ಹೊತ್ತಿಗೆ ಮೋಡ ಕಣಿವೆ ತುಂಬುತ್ತದೆ, ಕೆಲಸವೆಲ್ಲ ಬೆಳಗ್ಗೆಯೇ. 1945ರಲ್ಲಿ ಶುರುವಾದ ಮಿಷನ್ ಏವಿಯೇಷನ್ ಫೆಲೋಶಿಪ್ ಇಂಥ ಕಡೆಗಳಲ್ಲಿ ದಶಕಗಳಿಂದ ರೋಗಿಗಳನ್ನೂ ಸಾಮಾನನ್ನೂ ಹೊರುತ್ತಿದೆ. ಅದು ಕ್ರೈಸ್ತ ಸೇವಾ ಸಂಸ್ಥೆ. ಅಲ್ಲಿನ ಪೈಲಟ್‌ಗಳು ತಮ್ಮ ಖರ್ಚಿಗೆ ಬೇಕಾದ ಬೆಂಬಲವನ್ನು ಸಾಮಾನ್ಯವಾಗಿ ದಾನಿಗಳಿಂದ ತಾವೇ ಕೂಡಿಸಿಕೊಳ್ಳುತ್ತಾರೆ.

ಪಕ್ಕದ ಇಂಡೊನೇಷ್ಯಾದಲ್ಲಿ ಸೂಸಿ ಏರ್ ಇದೆ. ಮೀನು ವ್ಯಾಪಾರಿಯಾಗಿದ್ದ ಸೂಸಿ ಪುಜಿಯಾಸ್ತುತಿ ಸೀಗಡಿ, ಮೀನು ಸಾಗಿಸಲು ಎರಡು ಕ್ಯಾರವಾನ್ ಕೊಂಡರು. 2004ರ ಸುನಾಮಿಯಾದಾಗ ಅವನ್ನು ಆಚೆ ಎಂಬ ಪ್ರಾಂತಕ್ಕೆ ಪರಿಹಾರ ಒಯ್ಯಲು ಹಾರಿಸಿದರು, ಅದೇ ಬೆಳೆದು ವಿಮಾನ ಕಂಪನಿಯಾಯಿತು. ಕಡಿಮೆ ಗಂಟೆಯ ವಿದೇಶಿ ಪೈಲಟ್‌ಗಳನ್ನು ಸಹಪೈಲಟ್‌ಗಳಾಗಿ ತೆಗೆದುಕೊಂಡು ಬೆಳೆಸಿದ ಕಂಪನಿ ಅದು. ಆದರೆ ಅದರ ನ್ಯೂಜಿಲೆಂಡಿನ ಪೈಲಟ್ ಒಬ್ಬರನ್ನು 2023ರ ಫೆಬ್ರವರಿಯಲ್ಲಿ ಇಂಡೊನೇಷ್ಯಾಕ್ಕೆ ಸೇರಿದ ಪಪುವಾದ ಪರೊ ಏರ್‌ಸ್ಟ್ರಿಪ್ಪಿನಲ್ಲಿ ಬಂಡುಕೋರರು ಒತ್ತೆಯಾಗಿಟ್ಟುಕೊಂಡು, 2024ರ ಸೆಪ್ಟೆಂಬರಿನಲ್ಲಷ್ಟೇ ಬಿಟ್ಟರು. ರಸ್ತೆಯಿಲ್ಲದ ಕಡೆ ಸರ್ಕಾರವೂ ತೆಳ್ಳಗಿರುತ್ತದೆ. ನೌಕರಿ ಒಪ್ಪುವ ಮೊದಲು ನಕ್ಷೆಯ ಜೊತೆ ಆ ಪ್ರದೇಶದ ಸುದ್ದಿಯನ್ನೂ ಓದಬೇಕು.

ನಮಗೆ ಹತ್ತಿರದಲ್ಲಿ ಮಾಲ್ಡೀವ್ಸ್ ಇದೆ, ಬರಿಗಾಲಿನಲ್ಲಿ ಟ್ವಿನ್ ಆಟರ್ ಸೀಪ್ಲೇನ್ ಹಾರಿಸುವ ಪೈಲಟ್‌ಗಳ ಊರು. ಅಲ್ಲಿ ಹೊರಗಿನಿಂದ ಕೇಳುವುದು ಹೆಚ್ಚಾಗಿ ನೀರಿನ ಮೇಲೆ ಅನುಭವವಿರುವ ಕ್ಯಾಪ್ಟನ್‌ಗಳನ್ನು.

ಹಣ, ಜ್ವರ, ಆಮೇಲಿನ ದಾರಿ

ಸಂಬಳದ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ವರ್ಷಗಳ ಬುಷ್ ಸಂಬಳದಲ್ಲಿ ಮೌನ್‌ನಂಥ ಊರಿನಲ್ಲಿ ಸರಳವಾಗಿ ಬದುಕಬಹುದು. ಊರಿನ ತರಬೇತಿ ಸಾಲದ ಕಂತು ಕಟ್ಟುವ ನಂಬಿಕೆ ಇಟ್ಟುಕೊಳ್ಳಬೇಡಿ. ಮನೆ ಅಡವಿಟ್ಟು ಕಲಿತವರು ಈ ದಾರಿ ಹಿಡಿಯುವ ಮೊದಲು ಮನೆಯವರ ಜೊತೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು.

ಸಿಗುವುದು ಅನುಭವ, ಅದೂ ಬಹಳ ಬೇಗ. ಏರ್‌ವ್ಯಾನ್ ಅಥವಾ 206ರಲ್ಲಿ ಶುರು ಮಾಡಿದವರು, ಒಂದೆರಡು ವರ್ಷದ ಕರಾರಿನಲ್ಲಿ ನೂರಾರು ಗಂಟೆ ತಾವೇ ಕ್ಯಾಪ್ಟನ್ ಆಗಿ ಹಾರಿ, ಟರ್ಬೈನ್ ಎಂಜಿನ್ನಿನ ಕ್ಯಾರವಾನ್‌ಗೆ ಏರುತ್ತಾರೆ. ಏರ್‌ಲೈನ್ ಕ್ಯಾಪ್ಟನ್ ಲೈಸೆನ್ಸಿಗೆ ಬೇಕಾದ 1,500 ಗಂಟೆಯತ್ತ ಅದು ದೊಡ್ಡ ಹೆಜ್ಜೆ. ಆದರೆ ಭಾರತದ ಏರ್‌ಲೈನುಗಳು ಸಹಪೈಲಟ್‌ಗಳನ್ನು ತೆಗೆದುಕೊಳ್ಳುವಾಗ ನೋಡುವುದು ಏರ್‌ಬಸ್, ಬೋಯಿಂಗಿನಂಥ ವಿಮಾನದ ಟೈಪ್ ರೇಟಿಂಗ್. ಮರಳಿನಲ್ಲಿ ಇಳಿಸಿದ ಕೌಶಲಕ್ಕೆ ಅಲ್ಲಿ ನೇರ ಅಂಕವಿಲ್ಲ. ಏರ್‌ಲೈನಿಗೆ ಬೇಗ ಸೇರುವುದೇ ಗುರಿಯಾದರೆ ಇದು ಸುತ್ತುಬಳಸಿನ ದಾರಿ. ಈ ಹಾರಾಟವೇ ಬೇಕು ಎನ್ನುವವರು ಮಾತ್ರ ಹೊರಡಿ. ಹೊರಟರೆ, ಭಾರತದ ಲೈಸೆನ್ಸ್ ಮತ್ತು ವೈದ್ಯಕೀಯದ ಅವಧಿ ಮುಗಿಯದಂತೆ ನೋಡಿಕೊಳ್ಳಿ, ಲಾಗ್‌ಬುಕ್ಕಿನ ಪುಟ ಪುಟಕ್ಕೂ ಕಂಪನಿಯ ಸಹಿ ಮುದ್ರೆ ಆಗಲೇ ಹಾಕಿಸಿಕೊಳ್ಳಿ. ಐದು ವರ್ಷದ ನಂತರ ಮುಚ್ಚಿಹೋದ ಕಂಪನಿಯಿಂದ ಮುದ್ರೆ ತರುವುದು ಯಾರಿಂದಲೂ ಆಗದು.

ಡೆಲ್ಟಾದಲ್ಲಿ ಮಲೇರಿಯಾ ಇದೆ. ಮಲೇರಿಯಾ ತಡೆಯುವ ಮಾತ್ರೆಗಳಲ್ಲಿ ಮೆಫ್ಲೊಕ್ವಿನ್ ತಲೆಸುತ್ತು, ಮನಸ್ಸಿನ ಏರುಪೇರು ತರಬಲ್ಲದ್ದರಿಂದ ಪೈಲಟ್‌ಗಳಿಗೆ ಸಲ್ಲದು. ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟದ್ದನ್ನು ನುಂಗದೆ ವಿಮಾನಯಾನ ವೈದ್ಯರನ್ನೇ ಕೇಳಿ.

ಹೋಗುವ ಕಾಲ ಮುಖ್ಯ. ಜೂನಿನಿಂದ ಅಕ್ಟೋಬರ್ ಸೀಸನ್. ಆ ಗದ್ದಲದಲ್ಲಿ ಹೊಸಬರಿಗೆ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆ ತಿಂಗಳುಗಳ ಮೊದಲೇ, ಮಳೆಗಾಲದ ಹೊತ್ತಿಗೆ ಮೌನ್ ಸೇರಬೇಕು. ವಿಮಾನ ಕಂಪನಿಗಳ ಕಚೇರಿಗಳು ಏರ್‌ಪೋರ್ಟಿನ ಸುತ್ತಮುತ್ತ, ನಡೆದೇ ಹೋಗಬಹುದು. ಬೆಳಗ್ಗೆ ವಿಮಾನ ಹೊರಡಿಸುವ ಗಡಿಬಿಡಿಯಲ್ಲಿ ಬಾಗಿಲು ತಟ್ಟಬೇಡಿ. ಒಂದು ಪುಟದ ಬಯೋಡೇಟಾ, ಲೈಸೆನ್ಸ್, ವೈದ್ಯಕೀಯ, ಲಾಗ್‌ಬುಕ್ ಮೂಲಪ್ರತಿ ಜೊತೆಗಿರಲಿ. ವಾರ ಬಿಟ್ಟು ಮತ್ತೆ ಹೋಗಿ, ಮತ್ತೊಂದು ವಾರ ಬಿಟ್ಟು ಇನ್ನೊಮ್ಮೆ. ಒಳಗೆ ಕಾಲಿಟ್ಟ ಕೂಡಲೇ ಕೆಲಸದ ಮಾತೆತ್ತುವುದು ಆ ನಾಡಿನಲ್ಲಿ ಒರಟುತನ. ಮುಂದಿನ ಮೇಜಿನಲ್ಲಿ ಕೂತಿರುವವರು ಗಂಡಸಾದರೆ ದುಮೇಲಾ ರ್ರಾ, ಹೆಂಗಸಾದರೆ ದುಮೇಲಾ ಮ್ಮಾ ಎಂದು ನಮಸ್ಕಾರ ಹೇಳಿ, ಅವರು ಮರಳಿ ಹೇಳುವ ತನಕ ನಿಂತು, ಹೇಗಿದ್ದೀರೆಂದು ವಿಚಾರಿಸಿ. ಆಮೇಲೆ ಬಯೋಡೇಟಾ ಕೊಡಿ.